ಮಿಶಿಗನ್ನಿನಲ್ಲೊಬ್ಬ ಕಫೀಲ್

ನನ್ನ ಭಾವ ರೋಹಿದಾಸನಿಗೆ ಪ್ರಪಂಚದಲ್ಲಿ ಗೊತ್ತಿರುವುದು ಎರಡೇ ವಿಷಯ. ಒಂದು, ಈ ಮನುಷ್ಯನ ಕಫೀಲ್ ಯಾರು? ಇನ್ನೊಂದು, ಆ ಕಫೀಲನಿಗೆ ವಾಸ್ತಾ ಎಷ್ಟಿದೆ? ಮೂರನೆಯ ವಿಷಯ ಅವನ ಮಂಡೆಯೊಳಗೆ ಹೊಕ್ಕಿದ್ದನ್ನು ನಾನಂತೂ ಕಂಡಿಲ್ಲ. ಕಫೀಲ್ ಎಂದರೆ ನಮ್ಮ ಇಕಾಮಾಕ್ಕೆ, ಅಂದರೆ ವಾಸದ ಪರವಾನಗಿಗೆ, ಸಹಿ ಹಾಕುವ ಧಣಿ, ಅವನಿಲ್ಲದಿದ್ದರೆ ಕುವೈತಿನಲ್ಲಿ ನಮಗೆ ನಿಲ್ಲಲು ನೆಲವಿಲ್ಲ. ವಾಸ್ತಾ ಎಂದರೆ ಮೇಲಿನವರ ಶಿಫಾರಸು, ಅದಿಲ್ಲದಿದ್ದರೆ ನಿಂತಲ್ಲೇ ನಿಂತಿರಬೇಕು. ಇವೆರಡರ ನಡುವೆ ಇಪ್ಪತ್ತಾರು ವರ್ಷ ಓಡಾಡಿ ಓಡಾಡಿ, ಇಡೀ ಭೂಮಂಡಲ ನಡೆಯುವುದೇ ಹೀಗೆ ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿದೆ.

ಮುಖದೆದುರು "ಭಾವ, ನೀವು" ಎಂದೇ ಮಾತಾಡಿಸುತ್ತೇನೆ. ಇಲ್ಲಿ ಮಾತ್ರ "ಅವನು" ಎನ್ನುತ್ತೇನೆ. ಅಷ್ಟು ಸುಖವಾದರೂ ಬೇಡವೇ ನನಗೆ?

ಕೆಲಸ ಏನು ಎಂದು ಕೇಳಿದರೆ ಕುತ್ತಿಗೆ ಸ್ವಲ್ಪ ಉದ್ದ ಮಾಡಿ "ಪಿ.ಆರ್.ಒ." ಎನ್ನುತ್ತಾನೆ. ಅಸಲಿಗೆ ಕಂಪೆನಿಯ ಕುವೈತಿ ಅಧಿಕಾರಿ ಸರಕಾರಿ ಕಚೇರಿಗೆ ಹೋಗುವಾಗ ಹಿಂದಿನಿಂದ ಫೈಲು ಹೊತ್ತು ನಡೆಯುವ ಕೆಲಸ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾನು ಫಿಂಟಾಸಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಹೋದಲ್ಲಿ ಬಂದಲ್ಲಿ ಡೆಂಟಿಸ್ಟ್ ಎಂದು ಹೇಳಿಕೊಂಡು ತಿರುಗುವುದಿಲ್ಲ, ಅಷ್ಟೇ ವ್ಯತ್ಯಾಸ. ಅವನ ಆಫೀಸಿನಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಕೆಲಸಗಾರರ ಪಾಸ್‌ಪೋರ್ಟೆಲ್ಲ ಅದರೊಳಗೆ. ಹಾಗೆ ಇಟ್ಟುಕೊಳ್ಳಬಾರದಂತೆ, ಆದರೆ ಕೇಳಿದರೆ "ಜೋಪಾನಕ್ಕೆ" ಎನ್ನುತ್ತಾನೆ. ಹೆಂಡತಿಯ ಪಾಸ್‌ಪೋರ್ಟೂ ಮಗಳ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿವೆ. ಅವೂ ಜೋಪಾನಕ್ಕೆ.

ಅವನ ಹೆಂಡತಿ ಎಂದರೆ ನನ್ನ ಅಕ್ಕ. ಹೆಸರು ಅಪ್ಪಿ. ಮೀನುಗಾರರ ಊರು ಮಲ್ಪೆಯಲ್ಲಿ ನಮ್ಮ ಅಜ್ಜಿಯ ಹೆಸರು ಅದು, ಅದನ್ನೇ ಅವಳಿಗೆ ಇಟ್ಟಿದ್ದರು. ಕುವೈತಿಗೆ ಬಂದ ವರ್ಷವೇ ಈ ಮಹಾನುಭಾವ ಅದನ್ನು "ಅಪರ್ಣಾ" ಮಾಡಿದ. ಇಲ್ಲಿಯ ನಮ್ಮ ಊರವರ ಸಂಘದ ಆಮಂತ್ರಣದಲ್ಲಿ, ಗೆಳೆಯರ ಮನೆಯಲ್ಲಿ, ಎಲ್ಲ ಕಡೆ ಶ್ರೀಮತಿ ಅಪರ್ಣಾ ರೋಹಿದಾಸ. ಅವನ ಅಪ್ಪ ಮಲ್ಪೆಯಲ್ಲಿ ರಂಪಣಿ ಬಲೆ ಎಳೆದವರು, ಬಂಗಾರದಂಥ ಮನುಷ್ಯ, ಊರಿಗೆ ಊರೇ ಗೌರವಿಸುತ್ತಿತ್ತು. ಇವನು ಬ್ನೇದ್ ಅಲ್ ಗಾರಿನ ಫ್ಲಾಟಿನ ಸೋಫಾದಲ್ಲಿ ಕೂತು "ನಮ್ಮದು ಮೊದಲಿಂದಲೂ ಸೀಫುಡ್ ಎಕ್ಸ್‌ಪೋರ್ಟ್" ಎನ್ನುತ್ತಾನೆ. ಥೂ!

ಇಂಥವನಿಗೆ ತೃಷಾಳಂಥ ಮಗಳು. ಹುಟ್ಟಿದ್ದು, ಬೆಳೆದದ್ದು, ಹನ್ನೆರಡನೇ ಕ್ಲಾಸು ಮುಗಿಸಿದ್ದು ಎಲ್ಲ ಇಲ್ಲಿಯೇ. ನಾವು ತುಳುವಿನಲ್ಲಿ ಬೈದರೂ ಕನ್ನಡದಲ್ಲಿ ಮುದ್ದು ಮಾಡಿದರೂ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕವಳಿರುವಾಗಿನಿಂದ ಅಪ್ಪಿಯಕ್ಕನ ಜೊತೆ ಶರ್ಖಿನ ಮೀನು ಮಾರುಕಟ್ಟೆಗೆ ಹೋಗುವುದೆಂದರೆ ಅವಳಿಗೆ ಹಬ್ಬ. ಬೇರೆ ಮಕ್ಕಳು ಮೂಗು ಮುಚ್ಚಿಕೊಂಡು ಓಡಿದರೆ ಇವಳು ಮೀನಿನ ಕಿವಿರು ಎತ್ತಿ ನೋಡುತ್ತ ನಿಲ್ಲುತ್ತಿದ್ದಳು. ಝುಬೈದಿ, ಅಂದರೆ ನಮ್ಮ ಮಾಂಜಿ, ವರ್ಷ ವರ್ಷ ಯಾಕೆ ಸಣ್ಣದಾಗುತ್ತಿದೆ ಎಂದು ಒಮ್ಮೆ ಕೇಳಿದಳು. ಮೀನು ಮಾರುವವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದನ್ನೇ ಓದುತ್ತೇನೆ ಎಂದು ಹುಡುಗಿ ಆಗಲೇ ನಿರ್ಧಾರ ಮಾಡಿಬಿಟ್ಟಿದ್ದಳು.

ಭಾವ ಇನ್ನೊಂದು ನಿರ್ಧಾರ ಮಾಡಿದ್ದ. ಮಗಳು ಅಮೆರಿಕಕ್ಕೆ. ಯಾಕೆ ಅಮೆರಿಕ? ಸಂಘದ ಅಧ್ಯಕ್ಷರ ಮಗ ಶ್ರವಣ್ ಕೆನಡಾಕ್ಕೆ ಹೋಗಿದ್ದ, ಅದಕ್ಕೆ. ಅಮೆರಿಕದಲ್ಲಿ ಮಿಶಿಗನ್ ಯಾಕೆ? ಅಲ್ಲಿ ಸ್ಟ್ಯಾನಿ ಇದ್ದಾರೆ, ಅದಕ್ಕೆ. ಮುಗಿಯಿತು ಸಂಶೋಧನೆ. ಈ ಸ್ಟ್ಯಾನಿ ಶಿರ್ವದ ಕಡೆಯವರು. ಹಿಂದೆ ಭಾವನ ಕಂಪೆನಿಯಲ್ಲೇ ಸ್ಟೋರ್‌ಕೀಪರ್ ಆಗಿದ್ದು, ಆಮೇಲೆ ಹೆಂಡತಿಯ ನರ್ಸ್ ಕೆಲಸದ ದಾರಿಯಲ್ಲಿ ಅಮೆರಿಕ ಸೇರಿ ಡೆಟ್ರಾಯಿಟ್ ಪಕ್ಕ ಮನೆ ಮಾಡಿದ್ದರು. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಭಾವನಿಗೆ ಒಂದು ಮೆಸೇಜು ಹಾಕುತ್ತಿದ್ದರು, ಅಷ್ಟೇ ನಂಟು.

ಒಂದು ಶುಕ್ರವಾರ ಮಧ್ಯಾಹ್ನ ನನಗೆ ರಜೆ. ಮಹಬೂಲಾದ ನನ್ನ ರೂಮಿನಿಂದ ಬಸ್ಸು ಹಿಡಿದು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅಪ್ಪಿಯಕ್ಕ ಮಾಂಜಿ ಗಸಿ ಮಾಡಿದ್ದಳು. ಎಲ್ಲರೂ ಊಟಕ್ಕೆ ಕೂತಾಗ ಭಾವ ಘೋಷಣೆ ಮಾಡಿದ.

"ಎಲ್ಲ ಸೆಟ್ ಆಯ್ತು. ಅಲ್ಲಿ ತೃಷಾಳ ಕಫೀಲ್ ನಮ್ಮ ಸ್ಟ್ಯಾನಿ."

"ಅಮೆರಿಕದಲ್ಲಿ ಕಫೀಲ್ ಉಂಟಾ ಭಾವ?" ಎಂದೆ ನಾನು.

"ಎಂತ ನವ್ಯ ನೀನು! ಕಫೀಲ್ ಇಲ್ಲದ ದೇಶ ಉಂಟಾ? ಅಲ್ಲಿ ಸ್ಪಾನ್ಸರ್ ಅಂತಾರೆ, ಅಷ್ಟೇ. ಮತ್ತೆ ಕೇಳು, ಆ ಸ್ಟೇಟಿನವರಿಗೆ ಫೀಸು ಕಡಿಮೆಯಂತೆ. ಸ್ಟ್ಯಾನಿಯ ಮನೆ ಅಡ್ರೆಸ್ ಕೊಟ್ರೆ ಆಯ್ತು, ಇವಳು ಮಿಶಿಗನ್ನಿನವಳೇ. ಖಲಾಸ್."

"ಇಟ್ ಡಸಂಟ್ ವರ್ಕ್ ಲೈಕ್ ದ್ಯಾಟ್, ಪಪ್ಪ," ಎಂದಳು ತೃಷಾ.

"ನೀನು ಸುಮ್ಮನಿರು. ಆಫೀಸು ಕೆಲಸ ಹೇಗೆ ಆಗ್ತದೆ ಅಂತ ನನಗೆ ಹೇಳಿಕೊಡ್ತೀಯಾ?"

ಮಿಶಿಗನ್ ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಕೇಳಿದೆ. ತೃಷಾ ನಕ್ಕು, ಊಟದ ಕೈಯನ್ನು ತಟ್ಟೆಯಲ್ಲೇ ಬಿಟ್ಟು, ಎಡಗೈಯನ್ನು ಬೆರಳು ಜೋಡಿಸಿ ಮೇಲೆತ್ತಿ, ಕೈಬೆನ್ನು ನಮ್ಮ ಕಡೆ ಮಾಡಿ ಹಿಡಿದಳು. ಆ ರಾಜ್ಯದ ಆಕಾರ ಹೀಗೆಯೇ ಇದೆಯಂತೆ. ಅಲ್ಲಿಯವರು ಊರು ಹೇಳಬೇಕಾದರೆ ಕೈ ಎತ್ತಿ ತೋರಿಸುತ್ತಾರಂತೆ. ಮಾಂಜಿಯ ಒಂದು ಮುಳ್ಳು ಹಿಡಿದು ಹುಡುಗಿ ತನ್ನ ಕೈಯ ಮೇಲೆ ಕಾಲೇಜುಗಳನ್ನು ತೋರಿಸತೊಡಗಿದಳು.

ಹೆಬ್ಬೆರಳಿನ ಬುಡದ ಕೆಳಗೆ ಡೆಟ್ರಾಯಿಟ್. ಅಲ್ಲೊಂದು ಪಟ್ಟಣದ ಯೂನಿವರ್ಸಿಟಿ, ಅಲ್ಲಿ ಸೀಟು ಸಿಕ್ಕಿತ್ತು. ಅದರಿಂದ ಸ್ವಲ್ಪ ಈಚೆಗೆ ಬಹಳ ಹೆಸರಿರುವ ದೊಡ್ಡದೊಂದು. ಅವರು ಇವಳನ್ನು ತೆಗೆದುಕೊಳ್ಳಲಿಲ್ಲ, ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಕೈಯ ನಡುಮಧ್ಯದಲ್ಲಿ ಇನ್ನೊಂದು, ಬೇಸಾಯ ಕಲಿಸಲೆಂದು ಶುರುವಾದದ್ದು.

"ಬೇಸಾಯವಾ? ದನ ಕಾಯ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದ ಭಾವ.

ಊರೂರಿಗೆ ಕಮ್ಯೂನಿಟಿ ಕಾಲೇಜು ಇದೆ, ಎರಡು ವರ್ಷ ಅಲ್ಲಿ ಓದಿ ಆಮೇಲೆ ದೊಡ್ಡದಕ್ಕೆ ಸೇರಬಹುದು ಎಂದಳು.

"ಯಾವ ಕಮ್ಯೂನಿಟಿಯದ್ದು? ನಮ್ಮವರದ್ದು ಉಂಟಾ?" ಎಂದು ಕೇಳಿದ ನನ್ನ ಭಾವ, ಬಹಳ ಗಂಭೀರವಾಗಿ. ನಾನು ನೀರು ಕುಡಿಯುತ್ತಿದ್ದೆ, ನೆತ್ತಿಗೆ ಹತ್ತಿತು.

ಕೊನೆಗೆ ತೃಷಾ ತನಗೆ ಬೇಕಾದದ್ದಕ್ಕೆ ಬಂದಳು. ಆ ರಾಜ್ಯದ ಇನ್ನೊಂದು ತುಂಡು ಮೇಲೆ ಬೇರೆಯೇ ಇದೆಯಂತೆ, ನಡುವೆ ನೀರು. ಅಲ್ಲಿ ಸಮುದ್ರದಂಥ ಒಂದು ಸರೋವರದ ಹತ್ತಿರ ಸಣ್ಣ ಕಾಲೇಜು. ಓದುವ ಮಕ್ಕಳೇ ಮೀನುಮರಿ ಸಾಕಿ ನದಿಗೆ ಬಿಡುತ್ತಾರೆ. ಅಲ್ಲಿಯೂ ಸೀಟು ಕೊಟ್ಟಿದ್ದರು, ಜೊತೆಗೆ ರಿಯಾಯಿತಿಯೂ ಇತ್ತು. ಹೇಳುವಾಗ ಹುಡುಗಿಯ ಕಣ್ಣು ಹೊಳೆಯುತ್ತಿತ್ತು.

"ತೋರಿಸು, ಎಲ್ಲಿ?" ಎಂದ ಭಾವ.

"ಇಟ್ಸ್ ನಾಟ್ ಆನ್ ದಿಸ್ ಹ್ಯಾಂಡ್, ಪಪ್ಪ. ಯು ನೀಡ್ ದಿ ಅದರ್ ಹ್ಯಾಂಡ್." ಮುಳ್ಳು ಹಿಡಿದ ಇನ್ನೊಂದು ಕೈಗೆಲ್ಲ ಅನ್ನ ಗಸಿ ಮೆತ್ತಿತ್ತು.

"ನೋಡಿದ್ರಾ? ಇವಳ ಕೈಯಲ್ಲೇ ಇಲ್ಲದ ಊರು!" ಭಾವ ನಮ್ಮೆಲ್ಲರ ಕಡೆ ತಿರುಗಿ ನಕ್ಕ. "ಮೀನು ಓದ್ಲಿಕ್ಕೆ ಅಮೆರಿಕ ಯಾಕೆ? ಮಲ್ಪೆ ಬಂದರಿನಲ್ಲಿ ಬುಟ್ಟಿ ಹಿಡ್ಕೊಂಡು ಕೂತ್ರೆ ಸಾಕು. ಅಲ್ಲಿ ಯಾರುಂಟು ನಿನಗೆ? ಯಾರೂ ಇಲ್ಲ. ಡೆಟ್ರಾಯಿಟ್. ಅಲ್ಲಿ ಸ್ಟ್ಯಾನಿ ಇದ್ದಾನೆ. ಮಾತು ಮುಗೀತು."

ಅಪ್ಪಿಯಕ್ಕ ಭಾವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಬುಟ್ಟಿ ಹಿಡಿದು ಮಲ್ಪೆಯಲ್ಲಿ ಕೂತವಳು ನಮ್ಮ ಅಮ್ಮ. ಮದುವೆಯಾದ ವರ್ಷ ಇವನು ಹಬ್ಬದೂಟ ಉಂಡದ್ದು ಆ ಕೈಯ ಅಡುಗೆಯನ್ನೇ. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ನಮ್ಮ ಸಂಘದಲ್ಲೊಂದು ಪದ್ಧತಿ ಇದೆ. ವರ್ಷದ ಸಮಾರಂಭದಲ್ಲಿ ವಿದೇಶಕ್ಕೆ ಓದಲು ಹೋಗುವ ಮಕ್ಕಳನ್ನು ತಂದೆ ತಾಯಿಯೊಂದಿಗೆ ವೇದಿಕೆಗೆ ಕರೆದು ಶಾಲು ಹೊದೆಸುವುದು, ಹಣ್ಣಿನ ತಟ್ಟೆ ಕೊಡುವುದು. ಹೋಗಿ ಓದಿ ಗೆದ್ದು ಬಂದವರಿಗಲ್ಲ, ಇನ್ನೂ ವಿಮಾನ ಹತ್ತದವರಿಗೆ! ಕಳೆದ ವರ್ಷ ಶ್ರವಣ್ ವೀಸಾ ಪುಟ ತೆರೆದು ಕ್ಯಾಮೆರಾಕ್ಕೆ ತೋರಿಸಿದ್ದ, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ನನ್ನ ಭಾವನಿಗೆ ನಿದ್ದೆ ಸರಿಯಾಗಿ ಬಂದಿರಲಿಕ್ಕಿಲ್ಲ. ತೃಷಾ ಇನ್ನೂ ವೀಸಾಕ್ಕೆ ಹೋಗಿರಲೇ ಇಲ್ಲ, ಅಷ್ಟರಲ್ಲಿ ಆಮಂತ್ರಣ ಅಚ್ಚಾಯಿತು. ಬ್ಯಾನರಿನಲ್ಲಿ ಅವಳ ಮುಖ, ಹಿಂದೆ ಅಮೆರಿಕದ ಧ್ವಜ, ಬದಿಯಲ್ಲಿ ಅವಳಿಗಿಂತ ದೊಡ್ಡದಾಗಿ ರೋಹಿದಾಸನ ಮುಖ.

ಇಂಟರ್‌ವ್ಯೂಗೆ ಒಂದು ವಾರ ಮೊದಲಿನಿಂದ ಸೋಫಾದಲ್ಲಿ ಕೂತು ಮಗಳಿಗೆ ಪಾಠ ಹೇಳಿದ. ಯಾಕೆ ಈ ಯೂನಿವರ್ಸಿಟಿ ಎಂದು ಕೇಳಿದರೆ ನನ್ನ ಅಂಕಲ್ ಅಲ್ಲಿದ್ದಾರೆ ಎನ್ನಬೇಕು. ಯಾರು ನೋಡಿಕೊಳ್ಳುತ್ತಾರೆ ಎಂದರೆ ಅಂಕಲ್. ಓದಿದ ಮೇಲೆ ಏನು ಎಂದರೆ ಎಲ್ಲ ಅಂಕಲ್ ನೋಡಿಕೊಳ್ಳುತ್ತಾರೆ. "ಧೈರ್ಯವಾಗಿ ಹೇಳು, ಕಫೀಲ್ ಗಟ್ಟಿ ಇದ್ದಾನೆ ಅಂತ ಅವರಿಗೆ ಗೊತ್ತಾಗ್ಬೇಕು," ಎನ್ನುತ್ತಿದ್ದ. ತೃಷಾ ನನ್ನ ಮುಖ ನೋಡಿದಳು. ನಾನು ಆ ಮಾತನ್ನೂ ಇವನ ಉಳಿದ ಬೊಗಳೆಗಳ ಸಾಲಿಗೆ ಸೇರಿಸಿ ನಕ್ಕುಬಿಟ್ಟೆ. ಅದರಲ್ಲಿ ಅಪಾಯವಿದೆ ಎಂದು ನನಗಾದರೂ ಏನು ಗೊತ್ತು?

ಬಯಾನಿನ ಎಂಬಸಿಯ ಹೊರಗೆ ಕಾರಿನಲ್ಲಿ ನಾನೂ ಭಾವನೂ ಕಾದೆವು. ಹುಡುಗಿ ಬೇಗನೆ ಹೊರಬಂದಳು. ಕೈಯಲ್ಲಿ ಪಾಸ್‌ಪೋರ್ಟ್ ಇತ್ತು. ವೀಸಾ ಸಿಕ್ಕವರ ಪಾಸ್‌ಪೋರ್ಟ್ ಒಳಗೇ ಇಟ್ಟುಕೊಳ್ಳುತ್ತಾರೆ ಎಂದು ಸಾಲಿನಲ್ಲಿದ್ದವರು ಹೇಳಿದ್ದರು.

"ಎಂತಾಯ್ತು?" ಎಂದ ಭಾವ.

"ದೇ ರೆಫ್ಯೂಸ್ಡ್," ಎಂದಳು. ಅಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ಆಮೇಲೆ ಒಂದೊಂದೇ ಹೇಳಿದಳು. ಯಾಕೆ ಈ ಯೂನಿವರ್ಸಿಟಿ ಎಂದು ಅಧಿಕಾರಿ ಕೇಳಿದ್ದಕ್ಕೆ ಅಪ್ಪ ಕಲಿಸಿದ್ದನ್ನೇ ಹೇಳಿದ್ದಾಳೆ. ಓದಿದ ಮೇಲೆ ಏನು ಮಾಡುತ್ತೀ ಎಂದದ್ದಕ್ಕೂ ಅದನ್ನೇ ಹೇಳಿದ್ದಾಳೆ. ನೀನು ಓದು ಮುಗಿಸಿ ಹಿಂದಿರುಗುವೆ ಎಂದು ನಮಗೆ ನಂಬಿಕೆ ಬರಲಿಲ್ಲ ಎಂದು ಅಧಿಕಾರಿ ಪಾಸ್‌ಪೋರ್ಟ್ ವಾಪಸು ಕೊಟ್ಟಿದ್ದಾರೆ.

ಅರ್ಥವಾಯಿತಲ್ಲ? ಕುವೈತಿನ ಬಾಗಿಲಲ್ಲಿ "ಒಳಗೆ ನನಗೊಬ್ಬ ಇದ್ದಾನೆ" ಎಂದರೆ ಮಾತ್ರ ಒಳಗೆ ಬಿಡುತ್ತಾರೆ. ಅಮೆರಿಕಕ್ಕೆ ಓದಲು ಹೋಗುವವಳು ಅದೇ ಮಾತು ಹೇಳಿದರೆ, ಇವಳು ಓದಲಿಕ್ಕಲ್ಲ, ಅಲ್ಲೇ ಬೇರು ಬಿಡಲು ಬರುವವಳು ಎಂದು ಅವರಿಗೆ ಸಂಶಯ. ಇಲ್ಲಿಯ ಕೀಲಿಯನ್ನು ಅಲ್ಲಿಯ ಬೀಗಕ್ಕೆ ಹಾಕಿ ತಿರುಗಿಸಿ ಮುರಿದಿಟ್ಟಿದ್ದ ನನ್ನ ಬುದ್ಧಿವಂತ ಭಾವ.

ಅವನಿಗೆ ನಾಚಿಕೆಯಾಯಿತೇ? ಎಲ್ಲಿಂದ! "ಎಂಬಸಿಯೊಳಗೆ ಯಾರಾದ್ರೂ ವಾಸ್ತಾ ಹಿಡೀಬೇಕು," ಎಂದ. ಪಾಸ್‌ಪೋರ್ಟನ್ನು ಅವಳ ಕೈಯಿಂದ ತೆಗೆದು ತನ್ನ ಅಂಗಿಯ ಕಿಸೆಗೆ ಹಾಕಿದ. ಅದು ನೆಟ್ಟಗೆ ಕಬ್ಬಿಣದ ಕಪಾಟಿಗೆ ಹೋಯಿತು.

ಮರುದಿನ ಸಂಜೆ ಸ್ಟ್ಯಾನಿಗೆ ಫೋನು ಮಾಡಿದ. ನಮಗೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದ. ಗತ್ತು ನೋಡಬೇಕು, ಸ್ಟ್ಯಾನಿ ಈಗಲೇ ವಾಷಿಂಗ್ಟನ್ನಿಗೆ ಫೋನು ಮಾಡಿ ಗದರಿಸುತ್ತಾರೆ ಎಂಬ ಹಾಗೆ.

"ನನ್ನನ್ನು ಅಂಕಲ್ ಮಾಡಿದ್ಯಾ?" ಎಂದರು ಸ್ಟ್ಯಾನಿ, ಎಲ್ಲ ಕೇಳಿದ ಮೇಲೆ. "ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಇರ್ಲಿಲ್ವಾ ಮಾರಾಯಾ?"

"ಅಲ್ಲ ಸ್ಟ್ಯಾನಿ, ನೀನು ಕಫೀಲ್ ಅಂತ..."

"ಎಂತ ಕಫೀಲ್? ಇಲ್ಲಿ ಕಫೀಲೂ ಇಲ್ಲ, ಮಣ್ಣೂ ಇಲ್ಲ. ಹದಿನೆಂಟು ತುಂಬಿದ್ರೆ ಅವಳ ಸಹಿ ಅವಳೇ ಹಾಕುದು. ನನ್ನ ಮಗಳು ಶರ್ಲಿನ್ ಇಲ್ಲೇ ಕಮ್ಯೂನಿಟಿ ಕಾಲೇಜಿಗೆ ಹೋಗ್ತಾಳೆ. ಯಾವುದು ಓದ್ತಿ ಅಂತ ನಾನು ಕೇಳಿದ್ದೂ ಸೇರಿದ ಮೇಲೆಯೇ. ನಿನ್ನ ಮಗಳಿಗೆ ಎಂತ ಓದ್ಲಿಕ್ಕೆ ಮನಸ್ಸು? ಅದನ್ನು ಹೇಳು ಮೊದಲು."

"ನೆಟ್‌ವರ್ಕ್ ಸರಿ ಇಲ್ಲ," ಎಂದ ಭಾವ, ಫೋನು ಇಟ್ಟ. ಸ್ಟ್ಯಾನಿಯ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು.

ಆಗ ತೃಷಾ ಬಾಯಿ ಬಿಟ್ಟಳು. ಸರೋವರದ ಕಾಲೇಜಿಗೆ ತಾನೇ ಬರೆದಿದ್ದಾಳೆ. ಸೀಟು ಇನ್ನೂ ಇದೆ, ಹೊಸ ಕಾಗದ ಕಳಿಸುತ್ತಾರೆ, ಮತ್ತೊಮ್ಮೆ ಇಂಟರ್‌ವ್ಯೂಗೆ ಹೋಗಬಹುದು. ಪಾಸ್‌ಪೋರ್ಟ್ ಒಂದು ಬೇಕು. ಆ ತಿಂಗಳೊಳಗೆ ಆಗದಿದ್ದರೆ ಈ ವರ್ಷದ ಸೀಟು ಹೋದಂತೆಯೇ.

"ಆಗುದಿಲ್ಲ," ಎಂದ ಭಾವ. "ಆಮಂತ್ರಣದಲ್ಲಿ ಡೆಟ್ರಾಯಿಟ್ ಅಂತ ಅಚ್ಚಾಗಿದೆ. ಮೊದಲು ಕಾರ್ಯಕ್ರಮ ಚೆಂದದಲ್ಲಿ ಕಳೀಲಿ. ಆಮೇಲೆ ಮಂಗಳೂರಿನಲ್ಲಿ ಯಾವುದಾದ್ರೂ ಕಾಲೇಜಿಗೆ ಹಾಕಿದ್ರಾಯ್ತು. ಯಾರು ಕೇಳ್ತಾರೆ?"

"ವೀಸಾ ರಿಜೆಕ್ಟ್ ಆದವಳನ್ನು ವೇದಿಕೆಗೆ ಹತ್ತಿಸ್ತೀರಾ ಭಾವ?" ಎಂದೆ.

"ನಿನಗೆ ಎಂತ ಗೊತ್ತುಂಟು ನವ್ಯ? ಒಂದು ಮದುವೆ ಮಾಡ್ಕೊಳ್ಲಿಕ್ಕೆ ಗೊತ್ತಾಗ್ಲಿಲ್ಲ ನಿನಗೆ."

ನಾನು ಎದ್ದು ನಿಂತೆ. ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಪ್ಪಿಯಕ್ಕನ ದನಿ ಬಂತು.

"ಪಾಸ್‌ಪೋರ್ಟ್ ಎಲ್ಲಿ ಉಂಟು?"

"ಕಪಾಟಿನಲ್ಲಿ. ಎಲ್ಲಿರ್ತದೆ ಮತ್ತೆ?"

ಅಕ್ಕ ಬಂಗುಡೆಯ ಹೊಟ್ಟೆ ಸೀಳುತ್ತಿದ್ದಳು, ಸೀಳಿದಳು.

ಸಮಾರಂಭದ ಸಂಜೆ ಬಂತು. ಒಂದು ಶಾಲೆಯ ಸಭಾಂಗಣ. ಹೊರಗೆ ಮೈ ಸುಡುವ ಸೆಕೆ, ಒಳಗೆ ಎ.ಸಿ., ಮಲ್ಲಿಗೆ ಮುಡಿದ ಹೆಂಗಸರು, ಪರಸ್ಪರ ಹಲ್ಲು ಗಿಂಜುವ ಗಂಡಸರು. ಪ್ರತಿಯೊಬ್ಬರೂ ನನ್ನನ್ನು ಕಂಡು "ಹೇಗಿದ್ದಿ" ಎಂದು ಬಾಯಲ್ಲಿ ಕೇಳಿದರು, "ಇನ್ನೂ ಆಗಿಲ್ಲವಾ" ಎಂದು ಕಣ್ಣಲ್ಲಿ ಕೇಳಿದರು. ಭಾವ ಹೊಸ ಕೋಟು ಹಾಕಿದ್ದ. ಅದರ ಒಳಜೇಬಿನಲ್ಲಿ ತೃಷಾಳ ಪಾಸ್‌ಪೋರ್ಟ್ ಇತ್ತು. ಕಾರಿನಲ್ಲಿ ಬರುವಾಗಲೇ ಮಗಳಿಗೆ ಪಾಠವಾಗಿತ್ತು. ವೇದಿಕೆಯಲ್ಲಿ ಕೊಡುತ್ತೇನೆ, ಎತ್ತಿ ಹಿಡಿ, ಆದರೆ ಮುಚ್ಚಿಯೇ ಹಿಡಿ, ಫೋಟೋ ಆದ ಕೂಡಲೇ ವಾಪಸು ಕೊಡು. ತೆರೆದರೆ ತಾನೆ ಒಳಗೆ ವೀಸಾ ಇಲ್ಲದ್ದು ಕಾಣುವುದು! ಇಂಥ ಯೋಚನೆ ಹೊಳೆಯಬೇಕಾದರೆ ಮನುಷ್ಯ ಎಷ್ಟು ಕೆಳಗಿಳಿದಿರಬೇಕು. ಅಪ್ಪಿಯಕ್ಕ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದಳು.

ಭಾಷಣ, ಹಾಡು, ಮತ್ತೆ ಭಾಷಣ. ಆಮೇಲೆ ಸನ್ಮಾನ. ನಿರೂಪಕ ದನಿ ಏರಿಸಿ ತೃಷಾಳನ್ನು ಕರೆದ. ಅವಳು ಹೋದಳು. ಹೆಮ್ಮೆಯ ತಂದೆ ಶ್ರೀ ರೋಹಿದಾಸ ಎಂದ. ಭಾವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದ.

"ತಾಯಿ ಶ್ರೀಮತಿ ಅಪರ್ಣಾ ರೋಹಿದಾಸ ಅವರು ವೇದಿಕೆಗೆ ಬರಬೇಕಾಗಿ ವಿನಂತಿ."

ಅಕ್ಕ ನನ್ನ ಪಕ್ಕದಲ್ಲಿ, ಮೊದಲ ಸಾಲಿನಲ್ಲಿ ಕೂತಿದ್ದಳು. ಏಳಲಿಲ್ಲ. ನಿರೂಪಕ ಇನ್ನೊಮ್ಮೆ ಕರೆದ. ಅಕ್ಕ ಸೆರಗು ಸರಿ ಮಾಡಿಕೊಂಡು ಅಲ್ಲೇ ಕೂತಳು. ಯಾರೋ ನಕ್ಕರು. ಭಾವ ವೇದಿಕೆಯ ಮೇಲಿಂದ ಕೈಸನ್ನೆ ಮಾಡಿದ, ಕಣ್ಣು ಕೆಕ್ಕರಿಸಿದ, ಕೊನೆಗೆ ಬಾಯಿ ತುಂಬ ಸುಳ್ಳು ನಗು ಹೊತ್ತು ಕೆಳಗಿಳಿದು ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ಏಳು. ನಿನ್ನ ಹೆಸರು ಕರೀತಾ ಇದ್ದಾರೆ."

"ನನ್ನ ಹೆಸರು ಕರೀಲಿಲ್ಲ," ಎಂದಳು ಅಕ್ಕ.

"ಎಲ್ಲರೂ ನೋಡ್ತಾ ಇದ್ದಾರೆ. ಮರ್ಯಾದೆ ತೆಗೀಬೇಡ."

"ಒಂದೋ ಮೈಕಿನಲ್ಲಿ ಅಪ್ಪಿ ಅಂತ ಕರೆಸಿ, ಬರ್ತೇನೆ. ಇಲ್ಲದಿದ್ರೆ ಕೋಟಿನಲ್ಲಿರುವ ಪಾಸ್‌ಪೋರ್ಟು ಈಗ ಇಲ್ಲಿ ನವ್ಯಳ ಕೈಗೆ ಕೊಡಿ, ನಿಮ್ಮ ಅಪರ್ಣಾ ಆಗಿಯೇ ಬಂದು ನಿಂತ್ಕೊಳ್ತೇನೆ. ಎರಡರಲ್ಲಿ ಯಾವುದಾಗ್ತದೆ ನೋಡಿ."

ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾನು ಹುಟ್ಟಿದಾಗಿನಿಂದ ಅವಳನ್ನು ಬಲ್ಲೆ. ಇಷ್ಟು ಉದ್ದದ ಮಾತು ಅವಳು ಗಂಡನ ಹತ್ತಿರ ಆಡಿದ್ದನ್ನು ಮೊದಲ ಸಲ ಕೇಳಿದೆ.

ಈಗ ನೀವೇ ಹೇಳಿ, ಯಾವ ಗಂಡಸಾದರೂ ಏನು ಮಾಡುತ್ತಿದ್ದ? ಹೆಂಡತಿಯ ಹೆಸರನ್ನು ಒಮ್ಮೆ ಕರೆಸಿದ್ದರೆ ಮುಗಿಯುತ್ತಿತ್ತು. ಮಗಳ ಪಾಸ್‌ಪೋರ್ಟು ಅವನ ಬಳಿಯೇ ಉಳಿಯುತ್ತಿತ್ತು, ಅವನ ಹಟವೇ ಗೆಲ್ಲುತ್ತಿತ್ತು. ಆದರೆ ಆ ಸಭೆಯ ಎದುರು "ಅಪ್ಪಿ" ಎಂಬ ಎರಡಕ್ಷರ ಕೇಳಿಸಿದರೆ ಅವನ ಎಕ್ಸ್‌ಪೋರ್ಟ್ ಕಂಪೆನಿ ಮುಳುಗಿಹೋಗುತ್ತದಲ್ಲ! ಅಧ್ಯಕ್ಷರು ಕೇಳಿಸಿಕೊಂಡರೆ? ಅವರ ಹೆಂಡತಿ ಮುಸಿಮುಸಿ ನಕ್ಕರೆ? ಭಾವನ ಕೈ ಕೋಟಿನೊಳಗೆ ಹೋಯಿತು. ಪಾಸ್‌ಪೋರ್ಟು ನನ್ನ ಮಡಿಲಿಗೆ ಬಿತ್ತು.

ಎಂಥ ಮನುಷ್ಯ ನೋಡಿ. ಮಗಳ ಮೇಲಿನ ಪ್ರೀತಿಗೆ ಕೊಡದ್ದನ್ನು ಹೆಂಡತಿಯ ಹೆಸರಿನ ನಾಚಿಕೆಗೆ ಕೊಟ್ಟ. ನನಗೆ ಸಂತೋಷಪಡಬೇಕೋ ಅವನ ಕೋಟಿಗೆ ಉಗಿಯಬೇಕೋ ತಿಳಿಯಲಿಲ್ಲ. ಅಕ್ಕ ಎದ್ದು ವೇದಿಕೆಗೆ ಹೋದಳು, ಅಪರ್ಣಾ ಆಗಿ ನಿಂತಳು, ಶಾಲು ಹೊದ್ದಳು. ನಾನು ಪಾಸ್‌ಪೋರ್ಟನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ಪು ಎಳೆದು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡೆ. ತೃಷಾ ಬರಿಗೈ ಎತ್ತಿ ಫೋಟೋಕ್ಕೆ ನಿಂತಳು.

ಹೊಸ ಕಾಗದ ಬಂತು. ಎರಡನೆಯ ಸಲ ಎಂಬಸಿಗೆ ನಾವಿಬ್ಬರೇ ಟ್ಯಾಕ್ಸಿಯಲ್ಲಿ ಹೋದೆವು. ಯಾರೂ ಅವಳಿಗೆ ಏನೂ ಹೇಳಿಕೊಡಲಿಲ್ಲ. ಈ ಸಲ ಹೊರಬಂದಾಗ ಅವಳ ಕೈ ಖಾಲಿ ಇತ್ತು. ನನಗೆ ಮಾತ್ರ ಅಳು ಬಂತು, ಅವಳು ನನ್ನ ಬೆನ್ನು ತಟ್ಟಿದಳು.

ರಾತ್ರಿಯೂಟಕ್ಕೆ ಅಕ್ಕ ಝುಬೈದಿ ತಂದಿದ್ದಳು, ಸಣ್ಣದು, ಆದರೂ ತಾಜಾ. ಭಾವ ಸಮಾರಂಭದ ದಿನದಿಂದ ನಮ್ಮ ಯಾರ ಹತ್ತಿರವೂ ಮಾತಾಡಿರಲಿಲ್ಲ. ಆ ದಿನವೂ ಬಂದು ತಟ್ಟೆಯ ಮುಂದೆ ಕೂತ, ಅನ್ನ ಮುಟ್ಟಲಿಲ್ಲ. ತೃಷಾ ಹಸಿದಿದ್ದಳು, ಗಬಗಬನೆ ತಿನ್ನುತ್ತಿದ್ದಳು. ನಾನು ಕಾಯುತ್ತಿದ್ದೆ. ಸ್ಟ್ಯಾನಿಯ ಹೆಸರು ಎತ್ತಲಿ, ವಾಸ್ತಾ ಎನ್ನಲಿ, ಮುಖಕ್ಕೆ ಮಂಗಳಾರತಿ ಎತ್ತಲು ಎಲ್ಲ ಸಿದ್ಧ ಮಾಡಿಕೊಂಡೇ ಕೂತಿದ್ದೆ.

"ಎಂತ ಕೇಳಿದ್ರು?" ಎಂದ ಭಾವ ಕೊನೆಗೆ.

ತೃಷಾ ತಲೆಯೆತ್ತಿದಳು. ಯಾವತ್ತೂ ಇಲ್ಲದ್ದು, ಕನ್ನಡದಲ್ಲೇ ಉತ್ತರ ಕೊಟ್ಟಳು.

"ಯಾಕೆ ಆ ಕಾಲೇಜು ಅಂತ ಕೇಳಿದ್ರು. ನಾನು ಮೀನಿನ ವಿಷಯ ಹೇಳಿದೆ. ಝುಬೈದಿ ಸಣ್ಣ ಆಗೋದು, ಅಜ್ಜನ ಬಲೆ, ಎಲ್ಲ ಹೇಳಿದೆ. ಓದಿ ಬಂದು ಇಲ್ಲಿಯದ್ದು, ಮಲ್ಪೆಯದ್ದು ನೋಡ್ಬೇಕು ಅಂದೆ. ಆಮೇಲೆ ಅಲ್ಲಿ ನಿನಗೆ ಯಾರಿದ್ದಾರೆ ಅಂತ ಕೇಳಿದ್ರು."

"ನೀನು?"

"ಯಾರೂ ಇಲ್ಲ ಅಂದೆ."

ಭಾವ ತಟ್ಟೆ ಆಚೆ ಸರಿಸಿದ. ಕೇಳುವಾಗ ಅವನ ದನಿ ನನಗೆ ಗುರುತೇ ಸಿಗಲಿಲ್ಲ.

"ಯಾರೂ ಇಲ್ಲದ ಊರಿಗೆ ಹೇಗೆ ಹೋಗ್ತಿ ಮಗಾ? ಪೊಲೀಸರು ನಿಲ್ಸಿದ್ರೆ, ಆಸ್ಪತ್ರೆಗೆ ಹೋಗ್ಬೇಕಾದ್ರೆ, ಯಾರ ಹೆಸರು ಹೇಳ್ತಿ? ನನಗೆ ಇಲ್ಲಿ ಅಷ್ಟು ವರ್ಷದಲ್ಲಿ ಒಂದು ದಿನ ಆ ಹೆದರಿಕೆ ಬಿಡ್ಲಿಲ್ಲ. ಕಫೀಲ್ ಕೈಬಿಟ್ರೆ ಮಾರನೇ ದಿನ ನಾವೆಲ್ಲಿ ಅಂತ."

"ನನ್ನದೇ ಹೆಸರು ಹೇಳ್ತೇನೆ ಪಪ್ಪ."

ನಾನು ಸಿದ್ಧ ಮಾಡಿಟ್ಟ ಮಾತೆಲ್ಲ ಬಾಯಲ್ಲೇ ಉಳಿಯಿತು. ನಾಳೆ ಈ ಮನುಷ್ಯ ಇದನ್ನೂ ಸಂಘದಲ್ಲಿ ತನ್ನದೇ ಸಾಹಸವೆಂದು ಕೊಚ್ಚಿಕೊಳ್ಳುತ್ತಾನೆ, ನನಗದು ಚೆನ್ನಾಗಿ ಗೊತ್ತು.

"ಎಲ್ಲಿ ಉಂಟು ಅದು? ತೋರಿಸು," ಎಂದ.

ತೃಷಾ ಎಡಗೈ ಎತ್ತಿದಳು. ಬೆರಳು ಜೋಡಿಸಿ ಹಿಡಿದಳು. ಬಲಗೈಗೆ ಅಂದಿನಂತೆಯೇ ಗಸಿ ಮೆತ್ತಿತ್ತು.

"ಇದರ ಮೇಲೆ ಇನ್ನೊಂದು ಕೈ ಬೇಕು ಪಪ್ಪ."

ಭಾವ ತನ್ನ ಕೈ ನೋಡಿಕೊಂಡ. ಆಮೇಲೆ ಅದನ್ನು ನಿಧಾನವಾಗಿ ಚಾಚಿ, ಮಗಳ ಬೆರಳ ತುದಿಗಳ ಮೇಲೆ ಅಡ್ಡವಾಗಿ ಹಿಡಿದ. "ಸ್ವಲ್ಪ ಕೆಳಗೆ," ಎಂದಳು ತೃಷಾ. ಕೆಳಗೆ ತಂದ. ಅವಳು ತಟ್ಟೆಯಿಂದ ಮೀನಿನ ಮುಳ್ಳೊಂದನ್ನು ತೆಗೆದು, ಅಪ್ಪನ ಬೆರಳ ತುದಿಗೆ ಒತ್ತಿ, "ಇಲ್ಲಿ," ಎಂದಳು. ಮುಳ್ಳು ಚುಚ್ಚಿಯೇ ಇರಬೇಕು. ಅವರು ಕೈ ತೆಗೆಯಲಿಲ್ಲ.